ಜೀಪಿನ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್: ದುರಸ್ತಿಯ ಬಿಲ್ಲನ್ನು ಓದುವ ಬಗೆ

ವರ್ಷಾಂತ್ಯದ ಲೆಕ್ಕಗಳನ್ನು ಮುಗಿಸುವ ಸಂದರ್ಭದಲ್ಲಿ ನಮ್ಮ ಸದಸ್ಯರೊಬ್ಬರು ಎರಡು ಬಿಲ್ಲುಗಳನ್ನು ನನ್ನ ಮುಂದಿಟ್ಟರು. ಅವರದು ಅಲ್ಲಾಳಸಂದ್ರದಲ್ಲಿ ಒಂದು ಸಣ್ಣ ಕಾರ್ಯಾಗಾರ. ತುಂತುರು ನೀರಾವರಿಯ ಪಂಪ್‌ಗಳಿಗೆ ಬೇಕಾಗುವ ಜೋಡಣೆಯ ಭಾಗಗಳನ್ನು ತಯಾರಿಸಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ತಾವೇ ಒಯ್ದು ಅಳವಡಿಸಿಕೊಡುತ್ತಾರೆ. ತೋಟದೊಳಗಿನ ದಾರಿ ಕಾರಿಗೆ ಸಲ್ಲದು. ಆದುದರಿಂದ ಒಂದು ಹಳೆಯ ಡೀಸೆಲ್ ಜೀಪನ್ನು ಇಟ್ಟುಕೊಂಡಿದ್ದಾರೆ. ಮೊದಲನೆಯ ಬಿಲ್ಲು ನವೆಂಬರಿನದು: ಕ್ಯಾಮ್‌ಶಾಫ್ಟ್ ಒಂದು, ಗ್ಯಾಸ್ಕೆಟ್, ಆಯಿಲ್, ಮಜೂರಿ. ಎರಡನೆಯದು ಫೆಬ್ರವರಿಯ ಕೊನೆಯದು: ಮತ್ತೆ ಕ್ಯಾಮ್‌ಶಾಫ್ಟ್ ಒಂದು, ಗ್ಯಾಸ್ಕೆಟ್, ಆಯಿಲ್, ಮಜೂರಿ. ಅವರ ಪ್ರಶ್ನೆ ಸರಳವಾಗಿತ್ತು: "ಸಾರ್, ಎರಡನ್ನೂ ರಿಪೇರಿ ಖರ್ಚಿಗೇ ಹಾಕಬಹುದಲ್ಲವೇ?"

ಹಾಕಬಹುದು. ಆದರೆ ನನ್ನ ಗಮನ ಹೋದದ್ದು ಬೇರೊಂದು ಕಡೆಗೆ. ಎರಡನೆಯ ಬಿಲ್ಲಿನಲ್ಲಿ ಮೊದಲನೆಯದರಲ್ಲಿ ಇಲ್ಲದ ಒಂದು ಸಾಲಿತ್ತು: "ಟ್ಯಾಪೆಟ್ - 8". ಮೂರು ತಿಂಗಳಲ್ಲಿ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ತೆತ್ತ ಕಾರಣ ಆ ಒಂದು ಸಾಲಿನಲ್ಲಿ ಅಡಗಿತ್ತು. ಹೋದದ್ದು ದುರಸ್ತಿಯ ಹಣ ಮಾತ್ರವಲ್ಲ. ಫೆಬ್ರವರಿ, ಮಾರ್ಚ್ ತಿಂಗಳುಗಳು ರೊಬಸ್ಟಾ ಕಾಫಿ ಗಿಡಗಳಿಗೆ ಹೂವಿನ ನೀರು ಕೊಡುವ ಕಾಲ. ಆ ಕೆಲವು ವಾರಗಳು ತಪ್ಪಿದರೆ ತೋಟದವರಿಗೆ ಆ ವರ್ಷದ ಫಸಲೇ ತಪ್ಪುತ್ತದೆ. ಅಂಥ ಹೊತ್ತಿನಲ್ಲಿ ಜೀಪು ಗ್ಯಾರೇಜಿನಲ್ಲಿ ನಿಂತಿತು. ಎರಡು ತೋಟದವರು ಕಾಯದೆ ಬೇರೆಯವರಿಂದ ಕೆಲಸ ಮಾಡಿಸಿಕೊಂಡರು.

ಲೆಕ್ಕಪರಿಶೋಧಕನಿಗೆ ಎಂಜಿನ್ನಿನ ವಿಚಾರವೇಕೆ ಎಂದು ಓದುಗರು ಕೇಳಬಹುದು. ಮಲೆನಾಡಿಗೆ, ಕಲ್ಲುಗಣಿಗೆ, ತೋಟಗಳಿಗೆ ಹೋಗಿಬರುವ ಜೀಪುಗಳನ್ನು ಇಟ್ಟುಕೊಂಡಿರುವ ಸದಸ್ಯರು ನಮ್ಮಲ್ಲಿ ಕಡಿಮೆಯಿಲ್ಲ. ಬಿಡಿಭಾಗಗಳನ್ನು ಮಾರುವವರೂ ತಯಾರಿಸುವವರೂ ಇದ್ದಾರೆ. ದುರಸ್ತಿಯ ಬಿಲ್ಲನ್ನು ಮೊತ್ತ ನೋಡಿ ಪಾವತಿಸುವ ನಾವು, ಅದರ ಸಾಲುಗಳನ್ನು ಓದುವ ಅಭ್ಯಾಸ ಮಾಡಿಕೊಂಡರೆ ಉಳಿಯುವ ಹಣ ಸಣ್ಣದಲ್ಲ. ಓದಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು.

ಒಳಗೆ ನಡೆಯುವುದೇನು

ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಗಾಳಿಯನ್ನು ಒಳಗೆ ಬಿಡುವ ಒಂದು ಕವಾಟ, ಹೊಗೆಯನ್ನು ಹೊರಗೆ ಬಿಡುವ ಒಂದು ಕವಾಟ ಇರುತ್ತವೆ. ನಾಲ್ಕು ಸಿಲಿಂಡರಿನ ಹಳೆಯ ಜೀಪಿನಲ್ಲಿ ಒಟ್ಟು ಎಂಟು. ಇವನ್ನು ಸಕಾಲದಲ್ಲಿ ತೆರೆಯುವ ದಂಡವೇ ಕ್ಯಾಮ್‌ಶಾಫ್ಟ್. ಅದರ ಮೈಮೇಲೆ ಮೊಟ್ಟೆಯಾಕಾರದ ಎಂಟು ಉಬ್ಬುಗಳಿರುತ್ತವೆ. ಗ್ಯಾರೇಜಿನವರು ಅವನ್ನು ಲೋಬ್ ಎನ್ನುತ್ತಾರೆ. ಲೋಬಿನ ಮೇಲೆ ಕುಳಿತು ಮೇಲೆ ಕೆಳಗೆ ಚಲಿಸುವ ಗಟ್ಟಿ ಲೋಹದ ಲೋಟದಂಥ ಭಾಗವೇ ಟ್ಯಾಪೆಟ್. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ಲಿಫ್ಟರ್ ಎಂಬ ಹೆಸರು. ಟ್ಯಾಪೆಟ್ ಎತ್ತಿದ ಬಲ ಪುಶ್ ರಾಡಿನ ಮೂಲಕ ರಾಕರಿಗೆ, ರಾಕರಿನಿಂದ ಕವಾಟಕ್ಕೆ ಸಾಗುತ್ತದೆ. ನಮ್ಮಲ್ಲಿ "ಟ್ಯಾಪೆಟ್ ಮಾಡಿಸುವುದು" ಎಂದರೆ ರಾಕರ್ ಮತ್ತು ಕವಾಟದ ನಡುವಿನ ಅಂತರವನ್ನು ಫಿಲ್ಲರ್ ಗೇಜಿನಿಂದ ಸರಿಪಡಿಸುವುದು ಎಂದು ರೂಢಿಯಾಗಿದೆ. ಬಿಲ್ಲಿನಲ್ಲಿ "ಟ್ಯಾಪೆಟ್ ಸೆಟ್ಟಿಂಗ್" ಎಂದಿದ್ದರೆ ಟ್ಯಾಪೆಟ್ ಬದಲಾಯಿಸಿದರೆಂದು ಭಾವಿಸಬಾರದು. ನಮ್ಮ ಸದಸ್ಯರ ಮೊದಲನೆಯ ಬಿಲ್ಲಿನ ಮಜೂರಿಯ ವಿವರದಲ್ಲಿ ಈ ಶಬ್ದವಿತ್ತು. ಅವರು ಮೋಸಹೋದದ್ದು ಅಲ್ಲಿಯೇ.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 2000 ಸುತ್ತು ಓಡುತ್ತಿದ್ದರೆ ಪ್ರತಿ ಲೋಬ್ ತನ್ನ ಟ್ಯಾಪೆಟ್ಟನ್ನು ನಿಮಿಷಕ್ಕೆ 1000 ಬಾರಿ, ಗಂಟೆಗೆ 60,000 ಬಾರಿ ಎತ್ತುತ್ತದೆ. ಲೋಬಿನ ತುದಿಯೂ ಟ್ಯಾಪೆಟ್ಟಿನ ಮುಖವೂ ತಾಗುವ ಜಾಗ ಒಂದು ಸಣ್ಣ ಗೆರೆಯಷ್ಟೇ; ಕವಾಟದ ಸ್ಪ್ರಿಂಗಿನ ಪೂರ್ಣ ಒತ್ತಡ ಆ ಗೆರೆಯ ಮೇಲೆ. ಇಷ್ಟೊಂದು ಒತ್ತಡದಲ್ಲಿ ಲೋಹ ಉಳಿಯುವುದು ಹೇಗೆ? ಉತ್ತರ ಬಹಳ ಸ್ವಾರಸ್ಯಕರವಾಗಿದೆ. ನಾವು "ಚಪ್ಪಟೆ ಟ್ಯಾಪೆಟ್" ಎಂದು ಕರೆಯುವುದರ ಮುಖ ನಿಜವಾಗಿ ಚಪ್ಪಟೆಯಲ್ಲ, ಕೂದಲೆಳೆಯಷ್ಟು ಉಬ್ಬಿರುತ್ತದೆ. ಲೋಬಿನ ಮೈಯನ್ನೂ ಒಂದು ಬದಿಗೆ ಅಷ್ಟೇ ಸೂಕ್ಷ್ಮವಾಗಿ ಇಳಿಜಾರಾಗಿ ಸಾಣೆ ಹಿಡಿದಿರುತ್ತಾರೆ. ಇವೆರಡರ ಫಲವಾಗಿ ಟ್ಯಾಪೆಟ್ ಪ್ರತಿ ಎತ್ತಿಗೂ ತನ್ನಷ್ಟಕ್ಕೆ ತಾನೇ ಸ್ವಲ್ಪ ಸ್ವಲ್ಪ ಸುತ್ತುತ್ತದೆ. ಸುತ್ತುವುದರಿಂದ ಸವೆತ ಇಡೀ ಮುಖಕ್ಕೆ ಹಂಚಿಹೋಗುತ್ತದೆ, ಎಣ್ಣೆಯ ಪದರವೂ ಹೊಸದಾಗುತ್ತ ಹೋಗುತ್ತದೆ. ಸುತ್ತುವುದು ನಿಂತರೆ ಲೋಬಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ.

ಹಳೆಯ ಟ್ಯಾಪೆಟ್ಟಿನ ಮುಖ ತನ್ನ ಹಳೆಯ ಲೋಬಿಗೆ ಹೊಂದಿಕೊಂಡು ಸವೆದಿರುತ್ತದೆ. ಉಬ್ಬು ಹೋಗಿರುತ್ತದೆ, ಎಷ್ಟೋ ಬಾರಿ ನಡುವೆ ತಗ್ಗಾಗಿರುತ್ತದೆ. ಅದನ್ನು ಹೊಸ ಕ್ಯಾಮ್‌ಶಾಫ್ಟಿನ ಮೇಲೆ ಕೂರಿಸಿದರೆ ಸುತ್ತುವುದಿಲ್ಲ, ಉಜ್ಜುತ್ತದೆ. ಹೊಸ ಲೋಬ್ ಕೆಲವೇ ಗಂಟೆಗಳ ಓಟದಲ್ಲಿ ತಿಂದುಹೋಗಬಹುದು. ಆದಕಾರಣ ನಿಯಮ ಇದು: ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿನಲ್ಲಿ ಹೊಸ ಕ್ಯಾಮ್‌ಶಾಫ್ಟಿಗೆ ಹೊಸ ಟ್ಯಾಪೆಟ್‌ಗಳೇ ಆಗಬೇಕು, ಎಂಟಕ್ಕೆ ಎಂಟೂ. ಕ್ಯಾಮ್‌ಶಾಫ್ಟನ್ನು ಉಳಿಸಿಕೊಂಡು ಬೇರಾವುದೋ ಕೆಲಸಕ್ಕೆ ಟ್ಯಾಪೆಟ್ ಹೊರತೆಗೆದರೆ ಪ್ರತಿಯೊಂದನ್ನೂ ಅದರದೇ ಲೋಬಿಗೆ ಹಿಂತಿರುಗಿಸಬೇಕು. ಒಂದು ತಟ್ಟೆಯಲ್ಲಿ ಎಂಟನ್ನೂ ರಾಶಿ ಹಾಕಿ ತೊಳೆಯುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸು ತರುವುದೇ ಲೇಸು.

ಕನಿಷ್ಠ ಹೆಚ್ಚುವರಿ ವೆಚ್ಚದ ಲೆಕ್ಕ

ನಮ್ಮ ಸದಸ್ಯರಿಗೆ ಮೊದಲ ಬಾರಿ ಟ್ಯಾಪೆಟ್ ಬೇಡವೆಂದು ಹೇಳಿದ್ದು ಮೆಕ್ಯಾನಿಕ್ಕೋ, ಉಳಿತಾಯ ಮಾಡಹೊರಟ ಅವರೇ ಆಗಿದ್ದರೋ, ಈಗ ವಿಚಾರಿಸಿ ಫಲವಿಲ್ಲ. ಆದರೆ ಆ ನಿರ್ಧಾರವನ್ನು ಲೆಕ್ಕದ ತಕ್ಕಡಿಯಲ್ಲಿ ತೂಗಿ ನೋಡೋಣ. ಮುಂದಿನ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ.

ಮಜೂರಿ 12,000 ರೂಪಾಯಿ, ಕ್ಯಾಮ್‌ಶಾಫ್ಟ್ 9,000, ಗ್ಯಾಸ್ಕೆಟ್ ಮತ್ತು ಆಯಿಲ್ 6,000, ಟ್ಯಾಪೆಟ್ ಎಂಟಕ್ಕೆ 4,000 ಎಂದಿರಲಿ. ಟ್ಯಾಪೆಟ್ ಬಿಟ್ಟರೆ ಬಿಲ್ಲು 27,000, ಸೇರಿಸಿದರೆ 31,000. ಮೇಲ್ನೋಟಕ್ಕೆ ಉಳಿದದ್ದು 4,000. ಕೆಲಸ ಕೆಟ್ಟರೆ ಎಲ್ಲವನ್ನೂ ಮತ್ತೆ ಮಾಡಬೇಕು, ಆಗ ತೆರಬೇಕಾದ್ದು 31,000. ಅಂದರೆ ಕೆಡುವ ಸಂಭವ ಎಂಟರಲ್ಲಿ ಒಂದಕ್ಕಿಂತ ತುಸು ಹೆಚ್ಚಾದರೂ ಈ ಉಳಿತಾಯ ನಷ್ಟದ ವ್ಯಾಪಾರ. ಹಳೆಯ ಟ್ಯಾಪೆಟ್ ಹಾಕಿದಾಗ ಕೆಡುವ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚು. ಗಾಡಿ ನಿಂತ ದಿನಗಳ ನಷ್ಟವನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ವೆಚ್ಚಶಾಸ್ತ್ರದ ದೃಷ್ಟಿಯಿಂದ ಹೇಳುವುದಾದರೆ, ಈ ಕೆಲಸದಲ್ಲಿ ಮಜೂರಿ ಸ್ಥಿರ ವೆಚ್ಚ. ರೇಡಿಯೇಟರ್ ಇಳಿಸಬೇಕು, ಮುಂಭಾಗ ಬಿಚ್ಚಬೇಕು, ಟೈಮಿಂಗ್ ಕವರ್ ತೆಗೆಯಬೇಕು, ರಾಕರ್ ಮತ್ತು ಪುಶ್ ರಾಡ್ ಹೊರಬರಬೇಕು. ಟ್ಯಾಪೆಟ್ ಬದಲಾಯಿಸಿದರೂ ಇಷ್ಟೇ, ಬಿಟ್ಟರೂ ಇಷ್ಟೇ. ಆದುದರಿಂದ ತೂಗಿ ನೋಡಬೇಕಾದದ್ದು ಭಾಗದ ಬೆಲೆಯನ್ನಲ್ಲ. ಅದೇ ಭಾಗಕ್ಕಾಗಿ ಮತ್ತೊಮ್ಮೆ ಎಂಜಿನ್ ಬಿಚ್ಚುವ ವೆಚ್ಚವನ್ನು. ಟೈಮಿಂಗ್ ಕವರಿನ ಆಯಿಲ್ ಸೀಲ್, ಕ್ಯಾಮ್‌ಶಾಫ್ಟಿನ ಬುಷ್, ಟೈಮಿಂಗ್ ಗೇರಿನ ಹಲ್ಲುಗಳ ಪರಿಶೀಲನೆ ಇವೆಲ್ಲಕ್ಕೂ ಇದೇ ಮಾನದಂಡ ಸಲ್ಲುತ್ತದೆ. ಒಂದು ಅಪವಾದವಿದೆ. ಕೆಲವು ಎಂಜಿನ್‌ಗಳಲ್ಲಿ ಟ್ಯಾಪೆಟ್ಟಿನ ಬುಡ ಅಣಬೆಯಂತೆ ಅಗಲವಾಗಿದ್ದು ಮೇಲಿನಿಂದ ಹೊರಬರುವುದಿಲ್ಲ; ಸಂಪ್ ಇಳಿಸಿ ಕೆಳಗಿನಿಂದ ತೆಗೆಯಬೇಕು. ಆಗ ಮಜೂರಿ ಹೆಚ್ಚುವುದು ನ್ಯಾಯವೇ. ದರಪಟ್ಟಿ ಪಡೆಯುವಾಗಲೇ ಇದನ್ನು ಕೇಳಿಕೊಳ್ಳಬೇಕು.

ಯಾವ ಗಾಡಿಗೆ ಯಾವ ಟ್ಯಾಪೆಟ್

ನಮ್ಮ ದೇಶದ ಜೀಪುಗಳಲ್ಲಿ ಮೂರು ನಾಲ್ಕು ತಲೆಮಾರುಗಳಿವೆ. ಎರಡನೆಯ ಮಹಾಯುದ್ಧದ ನಂತರ ಮಹೀಂದ್ರ ಸಂಸ್ಥೆ ಜೋಡಿಸಲಾರಂಭಿಸಿದ ವಿಲ್ಲಿಸ್ ಜೀಪುಗಳ ಪೆಟ್ರೋಲ್ ಎಂಜಿನ್ ಮೊದಲನೆಯದು. ಅವುಗಳಲ್ಲಿ ಹರಿಕೇನ್ ಎಂಬ 134 ಘನ ಅಂಗುಲದ ಎಂಜಿನ್ನಿನಲ್ಲಿ ಗಾಳಿಯ ಕವಾಟ ಮೇಲಿದ್ದರೆ ಹೊಗೆಯ ಕವಾಟ ಪಕ್ಕದಲ್ಲಿ. ಎರಡಕ್ಕೂ ಒಂದೇ ಕ್ಯಾಮ್‌ಶಾಫ್ಟ್. ಅನಂತರ ಡೀಸೆಲ್ ಎಂಜಿನ್‌ಗಳು ಬಂದವು. ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ 1963ರಲ್ಲಿ ಟ್ರ್ಯಾಕ್ಟರ್ ಕಂಪನಿಯೊಂದನ್ನು ಸ್ಥಾಪಿಸಿದ್ದವು. ಆ ಟ್ರ್ಯಾಕ್ಟರ್ ಎಂಜಿನ್ನಿನ ವಂಶದ್ದೇ ನಮ್ಮ ಜೀಪುಗಳಲ್ಲಿಯೂ ಬೊಲೆರೋದಲ್ಲಿಯೂ ಬಹುಕಾಲ ದುಡಿದ 2523 ಸಿಸಿ ಡೀಸೆಲ್. ಎಂಎಂ 540 ಜೀಪಿನಲ್ಲಿ ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಇತ್ತು. ಇವೆಲ್ಲ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೆ ಇರುವ, ಪುಶ್ ರಾಡಿನ ಎಂಜಿನ್‌ಗಳು. ಈ ಲೇಖನದ ಮಾತು ಮುಖ್ಯವಾಗಿ ಇವಕ್ಕೆ ಸಂಬಂಧಿಸಿದ್ದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲಿಯೇ ಇದೆ. ಅಲ್ಲಿ ಪುಶ್ ರಾಡಿಲ್ಲ, ರಾಕರಿನ ಸವೆತವನ್ನು ನೋಡಬೇಕು. ಈಚಿನ ಕಾಮನ್ ರೈಲ್ ಡೀಸೆಲ್‌ಗಳ ವ್ಯವಸ್ಥೆಯೇ ಬೇರೆ; ಅವನ್ನು ಅಧಿಕೃತ ಕೇಂದ್ರದಲ್ಲಿ ಬಿಚ್ಚಿಸುವುದೇ ಕ್ಷೇಮ.

ಟ್ಯಾಪೆಟ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಗಟ್ಟಿ ಟ್ಯಾಪೆಟ್ ಒಂದು. ಒಳಗೆ ಯಾವ ಯಂತ್ರವೂ ಇಲ್ಲದ ಲೋಹದ ತುಂಡು. ಅದಕ್ಕೆ ಕಾಲಕಾಲಕ್ಕೆ ಅಂತರ ಸರಿಪಡಿಸಬೇಕು, ಸ್ವಲ್ಪ ಸದ್ದೂ ಮಾಡುತ್ತದೆ. ಆದರೆ ಒಂದು ಸ್ಪ್ಯಾನರ್, ಒಂದು ಫಿಲ್ಲರ್ ಗೇಜ್ ಇದ್ದರೆ ತೋಟದ ಮಧ್ಯದಲ್ಲಿಯೂ ಸರಿಮಾಡಿಕೊಳ್ಳಬಹುದು. ಎರಡನೆಯದು ಹೈಡ್ರಾಲಿಕ್, ಒಳಗೆ ಎಣ್ಣೆ ತುಂಬಿಕೊಂಡು ಅಂತರವನ್ನು ತಾನೇ ತುಂಬಿಕೊಳ್ಳುತ್ತದೆ. ಸದ್ದಿಲ್ಲ, ಸೆಟ್ಟಿಂಗ್ ಬೇಕಿಲ್ಲ. ಆದರೆ ಎಣ್ಣೆ ಕೊಳೆಯಾದರೆ, ಒತ್ತಡ ಕಡಿಮೆಯಾದರೆ ಅದು ಕೆಲಸ ಮಾಡದು. ಅಮೆರಿಕದ ಜೀಪುಗಳಲ್ಲಿ 2006ರವರೆಗೂ ಬಂದ ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ ಇಂಥದ್ದು. ಮೂರನೆಯದು ಉರುಳೆಯ ಟ್ಯಾಪೆಟ್. ಲೋಬಿನ ಮೇಲೆ ಉಜ್ಜುವ ಬದಲು ಒಂದು ಸಣ್ಣ ಚಕ್ರ ಉರುಳುತ್ತದೆ. ಘರ್ಷಣೆ ಬಹಳ ಕಡಿಮೆ, ಸುಸ್ಥಿತಿಯಲ್ಲಿದ್ದರೆ ಮರುಬಳಕೆಯೂ ಸಾಧ್ಯ. ಇಲ್ಲಿ ನಿಯಮ ತಿರುವುಮುರುವಾಗುತ್ತದೆ: ಚಪ್ಪಟೆ ಟ್ಯಾಪೆಟ್ ಸುತ್ತಲೇಬೇಕು, ಉರುಳೆಯ ಟ್ಯಾಪೆಟ್ ಸುತ್ತಲೇಬಾರದು, ಅದಕ್ಕಾಗಿ ಅದನ್ನು ಹಿಡಿದಿಡುವ ಪಟ್ಟಿ ಇರುತ್ತದೆ. ಉರುಳೆಗೆ ಬೇಕಾದ ಕ್ಯಾಮ್‌ಶಾಫ್ಟಿನ ಲೋಹವೂ ಆಕಾರವೂ ಬೇರೆ. ಆದುದರಿಂದ ಚಪ್ಪಟೆಯ ಕ್ಯಾಮ್‌ಶಾಫ್ಟಿನ ಮೇಲೆ ಉರುಳೆಯ ಟ್ಯಾಪೆಟ್ ಕೂರಿಸುವ ಮಾತೇ ಬರಕೂಡದು.

ಹಳೆಯ ಡೀಸೆಲ್ ಜೀಪಿನ ಮಾಲೀಕರಿಗೆ ನನ್ನ ಅಭಿಪ್ರಾಯ ಸ್ಪಷ್ಟ: ತಯಾರಕರು ಕೊಟ್ಟಿದ್ದ ಬಗೆಯ ಟ್ಯಾಪೆಟ್ಟನ್ನೇ, ಮೂಲ ಅಳತೆಯ ಕ್ಯಾಮ್‌ಶಾಫ್ಟನ್ನೇ ಹಾಕಿಸಿ. ಹೆಚ್ಚು ಎತ್ತುವ, ಕವಾಟವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಪಂದ್ಯದ ಗಾಡಿಗೆ ಸರಿ. ಕಲ್ಲುದಾರಿಯಲ್ಲಿ ಭಾರ ಹೊತ್ತು ಏರುವ ಗಾಡಿಗೆ ಬೇಕಾದದ್ದು ಕಡಿಮೆ ಸುತ್ತಿನಲ್ಲಿ ಸಿಗುವ ಎಳೆತ. ಅಂಥ ಕ್ಯಾಮ್‌ಶಾಫ್ಟ್ ಕಿತ್ತುಕೊಳ್ಳುವುದು ಅದನ್ನೇ. ಗಡುಸಾದ ಸ್ಪ್ರಿಂಗ್ ಹಾಕಿಸುವ ಆಸೆಯೂ ಬೇಡ, ಲೋಬಿನ ಮೇಲಿನ ಒತ್ತಡ ಹೆಚ್ಚುತ್ತದೆ ಅಷ್ಟೆ.

ಸಾಣೆ ಹಿಡಿಸಿದ ಕ್ಯಾಮ್‌ಶಾಫ್ಟಿನ ಬಗ್ಗೆ ಒಂದು ಮಾತು. ಹೊಸದು ಸಿಗದ ಹಳೆಯ ಮಾದರಿಗಳಿಗೆ ಲೋಬನ್ನು ಮತ್ತೆ ಗ್ರೈಂಡ್ ಮಾಡಿಸುವುದುಂಟು. ಎತ್ತುವ ಎತ್ತರವನ್ನು ಉಳಿಸಿಕೊಂಡು ಲೋಬಿನ ಬುಡದ ವೃತ್ತವನ್ನು ಸಣ್ಣದು ಮಾಡುತ್ತಾರೆ. ಗಟ್ಟಿ ಟ್ಯಾಪೆಟ್ಟಿನ ಎಂಜಿನ್ನಿನಲ್ಲಿ ರಾಕರಿನ ತಿರುಪಿನಿಂದ ಆ ವ್ಯತ್ಯಾಸವನ್ನು ತುಂಬಬಹುದು. ಹೈಡ್ರಾಲಿಕ್ ಆದರೆ ಉದ್ದದ ಪುಶ್ ರಾಡ್ ಬೇಕಾಗಬಹುದು. ಎರಕದ ಕ್ಯಾಮ್‌ಶಾಫ್ಟಿನ ಗಡಸುತನ ಮೇಲ್ಪದರದಲ್ಲಿರುತ್ತದೆ. ಸಾಣೆ ಆಳಕ್ಕೆ ಹೋದರೆ ಮೆತ್ತನೆಯ ಲೋಹ ಹೊರಬರುತ್ತದೆ. ಗಡಸುತನವನ್ನು ಅಳೆದು ಬರೆದುಕೊಡದ ಗ್ರೈಂಡಿಂಗ್ ಕೆಲಸಕ್ಕೆ ಹಣ ತೆರುವುದು ಬೇಡ. ಪೀಣ್ಯದಲ್ಲಿ ಗಡಸುತನ ಅಳೆಯುವ ಸೌಲಭ್ಯಕ್ಕೆ ಕೊರತೆಯಿಲ್ಲ. ಹೊಸ ಕ್ಯಾಮ್‌ಶಾಫ್ಟಿನ ಮೇಲೆ ಕಾಣುವ ಮಸುಕು ಕಪ್ಪು ಬಣ್ಣ ಸಾಮಾನ್ಯವಾಗಿ ಎಣ್ಣೆ ಹಿಡಿದಿಟ್ಟುಕೊಳ್ಳುವ ಫಾಸ್ಫೇಟ್ ಲೇಪ. ಬಿಡಿಭಾಗದ ಅಂಗಡಿಯಲ್ಲಿ ಅದನ್ನು ಹಳೆಯ ಸರಕೆಂದು ಸಂಶಯಿಸಿ ಹಿಂದಿರುಗಿಸಿದವರನ್ನು ನಾನು ಬಲ್ಲೆ.

ಬಿಚ್ಚುವ ಮುನ್ನ, ಕೂರಿಸಿದ ನಂತರ

ಸೆಟ್ಟಿಂಗ್ ಮಾಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಸದ್ದು ಬಂದರೆ, ಅಂತರ ಪದೇ ಪದೇ ಹೆಚ್ಚುತ್ತಿದ್ದರೆ, ಒಂದು ಸಿಲಿಂಡರ್ ಮಾತ್ರ ಸರಿಯಾಗಿ ದುಡಿಯದಿದ್ದರೆ ಲೋಬ್ ಸವೆದಿರುವ ಸಂಶಯ ಪಡಬೇಕು. ಸಂಶಯವನ್ನು ಅಳತೆಯಿಂದ ಖಚಿತಪಡಿಸಿಕೊಳ್ಳಬಹುದು. ರಾಕರ್ ತೆಗೆದು ಪ್ರತಿ ಪುಶ್ ರಾಡಿನ ತುದಿಗೆ ಡಯಲ್ ಗೇಜ್ ಇಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಯಾವ ಲೋಬ್ ಎಷ್ಟು ಎತ್ತುತ್ತಿದೆ ಎಂದು ತಿಳಿಯುತ್ತದೆ. ಉಳಿದವಕ್ಕಿಂತ ಒಂದು ಎದ್ದುಕಾಣುವಷ್ಟು ಕಡಿಮೆಯಿದ್ದರೆ ರೋಗ ಅಲ್ಲಿಯೇ. ಈ ಎಂಟು ಅಂಕಿಗಳನ್ನು ಬರೆದು ಕೊಡಿ ಎಂದು ಕೇಳುವುದು ಮಾಲೀಕರ ಹಕ್ಕು. ಕಾರ್ಯಾಗಾರ ನಡೆಸುವ ನಮ್ಮ ಸದಸ್ಯರು ತಮ್ಮ ಲೇತ್ ಕೆಲಸಕ್ಕೆ ಅಳತೆಯಿಲ್ಲದೆ ಹಣ ಕೊಡುವುದಿಲ್ಲ. ಜೀಪಿನ ವಿಷಯಕ್ಕೆ ಬಂದಾಗ ಮಾತ್ರ "ಸೌಂಡು ಬರ್ತಿದೆ" ಎಂಬ ಮಾತಿಗೇ ಎಂಜಿನ್ ಬಿಚ್ಚಿಸುತ್ತಾರೆ.

ತಿಂದುಹೋದ ಲೋಬಿನ ಲೋಹ ಎಲ್ಲಿ ಹೋಯಿತು ಎಂಬುದನ್ನೂ ಯೋಚಿಸಬೇಕು. ಅದು ಪುಡಿಯಾಗಿ ಎಣ್ಣೆಯಲ್ಲಿದೆ. ಸಂಪ್ ಇಳಿಸಿ ತೊಳೆಯದೆ, ಆಯಿಲ್ ಪಂಪಿನ ಜಾಲರಿಯನ್ನು ಶುಚಿಗೊಳಿಸದೆ, ಫಿಲ್ಟರ್ ಬದಲಾಯಿಸದೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದರೆ ಆ ಪುಡಿ ಹೊಸದನ್ನೂ ಬೇರಿಂಗ್‌ಗಳನ್ನೂ ಕೆಡಿಸುತ್ತದೆ. ಮೊದಲ ಲೋಬ್ ಏಕೆ ಹೋಯಿತು ಎಂದೂ ನೋಡಬೇಕು. ಎಣ್ಣೆಯ ದಾರಿ ಕಟ್ಟಿಕೊಂಡಿತ್ತೇ, ಟ್ಯಾಪೆಟ್ ತನ್ನ ರಂಧ್ರದಲ್ಲಿ ಬಿಗಿಯಾಗಿತ್ತೇ? ಗಾಡಿ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿತ್ತೇ? ಈ ಕೊನೆಯ ಕಾರಣವನ್ನು ನಮ್ಮ ಸದಸ್ಯರು ಲಘುವಾಗಿ ಎಣಿಸಬಾರದು. ಅಲ್ಲಾಳಸಂದ್ರದಲ್ಲಿ ತಲೆಯೆತ್ತಿದರೆ ಜಕ್ಕೂರಿನ ಸಣ್ಣ ವಿಮಾನಗಳು ಕಾಣುತ್ತವೆ. ಜಗತ್ತಿನಾದ್ಯಂತ ತರಬೇತಿ ವಿಮಾನಗಳಲ್ಲಿ ಬಳಕೆಯಾಗುವ ಲೈಕಮಿಂಗ್ ಪಿಸ್ಟನ್ ಎಂಜಿನ್‌ಗಳಲ್ಲಿಯೂ ಕ್ಯಾಮ್‌ಶಾಫ್ಟ್, ಟ್ಯಾಪೆಟ್‌ಗಳೇ ಇವೆ. ಅಲ್ಲಿ ಕ್ಯಾಮ್‌ಶಾಫ್ಟ್ ಎಂಜಿನ್ನಿನ ಮೇಲ್ಭಾಗದಲ್ಲಿರುವುದರಿಂದ, ವಿಮಾನ ಬಹುಕಾಲ ಹಾರದೆ ನಿಂತರೆ ಎಣ್ಣೆ ಇಳಿದುಹೋಗಿ ಲೋಬಿಗೆ ತುಕ್ಕು ಹಿಡಿಯುತ್ತದೆ. ಮುಂದೆ ಹಾರಿದಾಗ ತುಕ್ಕಿನ ಗುಳಿಯಿಂದ ಸವೆತ ಆರಂಭವಾಗುತ್ತದೆ. ವಿಮಾನದ ಮಾಲೀಕರು ಇದನ್ನು ಎಷ್ಟು ಹೆದರಿಕೆಯಿಂದ ನೋಡುತ್ತಾರೆಂದರೆ ಹಾರದೆ ಇಟ್ಟ ತಿಂಗಳುಗಳನ್ನೂ ಲೆಕ್ಕವಿಡುತ್ತಾರೆ. ನಮ್ಮ ಜೀಪುಗಳಿಗೆ ಅಷ್ಟು ಬೇಡವಾದರೂ, ವಾರಕ್ಕೊಮ್ಮೆ ಎಂಜಿನ್ ಪೂರ್ಣ ಬಿಸಿಯಾಗುವಷ್ಟು ದೂರ ಓಡಿಸಿ ಬರುವುದು ಒಳ್ಳೆಯದು. ಶೆಡ್ಡಿನಲ್ಲಿಯೇ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಒಳಗೆ ತೇವ ಹೆಚ್ಚುತ್ತದೆಯೇ ಹೊರತು ಉಪಕಾರವಿಲ್ಲ.

ಜೋಡಿಸುವಾಗ ಕ್ರ್ಯಾಂಕ್, ಕ್ಯಾಮ್ ಮತ್ತು ಡೀಸೆಲ್ ಪಂಪಿನ ಗೇರುಗಳ ಗುರುತುಗಳು ಕೂಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕವಾಟಕ್ಕೂ ನಡುವೆ ಇರುವ ಜಾಗ ಬಹಳ ಕಡಿಮೆ. ಒಂದು ಹಲ್ಲು ತಪ್ಪಿದರೂ ಪುಶ್ ರಾಡ್ ಬಾಗಬಹುದು, ಕವಾಟ ಹೋಗಬಹುದು. ಸ್ಟಾರ್ಟ್ ಮಾಡುವ ಮೊದಲು ಕೈಯಿಂದ ಪೂರ್ಣ ಎರಡು ಸುತ್ತು ತಿರುಗಿಸಿ ನೋಡಬೇಕೆಂಬುದು ಅದಕ್ಕಾಗಿಯೇ. ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ.

ಇನ್ನು ಮೊದಲ ಅರ್ಧ ಗಂಟೆ. ಹೊಸ ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್‌ಶಾಫ್ಟಿನ ಭವಿಷ್ಯ ಇಲ್ಲಿಯೇ ನಿರ್ಧಾರವಾಗುತ್ತದೆ. ಲೋಬುಗಳಿಗೂ ಟ್ಯಾಪೆಟ್ಟಿನ ಮುಖಕ್ಕೂ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಜೋಡಣೆಯ ಗ್ರೀಸನ್ನು ಸವರಿರಬೇಕು. ಎಣ್ಣೆಯ ದಾರಿಗಳು ತುಂಬಿರಬೇಕು. ಸ್ಟಾರ್ಟ್ ಆದೊಡನೆ ಐಡ್ಲಿಂಗಿನಲ್ಲಿ ಬಿಡದೆ, ನಿಮಿಷಕ್ಕೆ 1500ರಿಂದ 2500 ಸುತ್ತಿನ ನಡುವೆ ಏರಿಳಿಸುತ್ತ ಇಪ್ಪತ್ತರಿಂದ ಮೂವತ್ತು ನಿಮಿಷ ಓಡಿಸಬೇಕು. ಹೊಸ ಎಂಜಿನ್ನನ್ನು ಮೆಲ್ಲಗೆ ಓಡಿಸಬೇಕೆಂಬ ನಮ್ಮ ರೂಢಿಯ ತಿಳಿವಳಿಕೆಗೆ ಇದು ವಿರುದ್ಧವಾಗಿ ತೋರುತ್ತದೆ. ಕಾರಣವಿದೆ: ಲೋಬುಗಳಿಗೆ ಎಣ್ಣೆ ಮುಖ್ಯವಾಗಿ ಸಿಡಿದು ಬೀಳುವುದರಿಂದ ಸಿಗುತ್ತದೆ. ನಿಧಾನ ಸುತ್ತಿನಲ್ಲಿ ಎಣ್ಣೆ ಕಡಿಮೆ ಸಿಡಿಯುತ್ತದೆ, ಲೋಬಿನ ತುದಿಯ ಮೇಲಿನ ಒತ್ತಡವೂ ಆಗಲೇ ಹೆಚ್ಚು. ನಮ್ಮ ಸದಸ್ಯರ ಜೀಪನ್ನು ಮೊದಲ ಬಾರಿ ಸ್ಟಾರ್ಟ್ ಮಾಡಿ, ಸದ್ದು ಕೇಳುತ್ತ ಬಹಳ ಹೊತ್ತು ಐಡ್ಲಿಂಗಿನಲ್ಲಿಯೇ ಬಿಟ್ಟಿದ್ದರಂತೆ. ಹಳೆಯ ಟ್ಯಾಪೆಟ್ಟಿನ ಜೊತೆಗೆ ಇದೂ ಸೇರಿತು.

ಎಣ್ಣೆಯ ಆಯ್ಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಚಪ್ಪಟೆ ಟ್ಯಾಪೆಟ್ಟನ್ನು ಕಾಯುವ ಅಂಶ ಎಣ್ಣೆಯಲ್ಲಿ ಬೆರೆಸುವ ಸತು ಮತ್ತು ರಂಜಕದ ಸಂಯುಕ್ತ. ರಂಜಕ ಪೆಟ್ರೋಲ್ ಕಾರುಗಳ ಹೊಗೆ ಶುದ್ಧೀಕರಣದ ಉಪಕರಣವನ್ನು ಕೆಡಿಸುತ್ತದೆಂದು ಅದರ ಪ್ರಮಾಣವನ್ನು ಇಳಿಸುತ್ತ ಬಂದರು. 2004ರ ಎಪಿಐ ಎಸ್‌ಎಂ ದರ್ಜೆಯ ತೆಳು ಎಣ್ಣೆಗಳಲ್ಲಿ ಅದರ ಗರಿಷ್ಠ ಮಿತಿ ಶೇಕಡಾ 0.08. ಹೊಸ ಕಾರಿಗೆ ಉತ್ತಮವಾದ ದುಬಾರಿ ಎಣ್ಣೆ ಹಳೆಯ ಜೀಪಿಗೆ ಉತ್ತಮವಲ್ಲ ಎಂಬುದಕ್ಕೆ ಕಾರಣ ಇದು. ಡೀಸೆಲ್ ಲಾರಿಗಳಿಗೆ ಬಳಸುವ ಸಿಐ-4 ದರ್ಜೆಯ 15ಡಬ್ಲ್ಯು-40 ಎಣ್ಣೆ ಹಳೆಯ ಡೀಸೆಲ್ ಜೀಪಿಗೆ ಸಾಮಾನ್ಯವಾಗಿ ಒಪ್ಪುತ್ತದೆ, ಬೆಲೆಯೂ ಮಿತ. ತಯಾರಕರ ಕೈಪಿಡಿಯ ಮಾತೇ ಅಂತಿಮವೆಂಬುದನ್ನು ಮರೆಯಬಾರದು. ಮೊದಲ ಓಟದ ನಂತರ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಬೇಕು. ಬಿಲ್ಲಿನಲ್ಲಿ ಆಯಿಲ್ ಎರಡು ಬಾರಿ ಕಂಡರೆ ಇಲ್ಲಿ ಮಾತ್ರ ಅದು ತಪ್ಪಲ್ಲ.

ತೆರಿಗೆಯ ದೃಷ್ಟಿಯಿಂದ

ನಮ್ಮ ಸದಸ್ಯರ ಮೂಲ ಪ್ರಶ್ನೆಗೆ ಬರೋಣ. 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮಿನಲ್ಲಿ ಯಂತ್ರಗಳ ಚಾಲ್ತಿ ದುರಸ್ತಿಗೆ ವಿನಾಯಿತಿ ಇತ್ತು. ಬಂಡವಾಳ ಸ್ವರೂಪದ ವೆಚ್ಚ ಅದರಲ್ಲಿ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಕಾಯಿದೆ ಸೇರಿಸಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ನೀಡಿದ ತೀರ್ಪಿನ ತಿರುಳು ಇಷ್ಟು: ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ಅಥವಾ ಹೊಸ ಪ್ರಯೋಜನವನ್ನು ತಂದುಕೊಳ್ಳಲು ಮಾಡಿದ್ದು ಅಲ್ಲ. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಿದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಈ ಭೇದ ಬದಲಾಗಿಲ್ಲ. ಈ ಅಳತೆಗೋಲಿನಿಂದ ನೋಡಿದರೆ ಜೀಪು ಒಂದು ಆಸ್ತಿ, ಕ್ಯಾಮ್‌ಶಾಫ್ಟ್ ಅದರೊಳಗಿನ ಭಾಗ. ಅದನ್ನೂ ಟ್ಯಾಪೆಟ್‌ಗಳನ್ನೂ ಮೂಲ ಬಗೆಯವುಗಳಿಂದಲೇ ಬದಲಾಯಿಸಿದರೆ ದುರಸ್ತಿಯೇ. ಎರಡು ಬಾರಿ ಬದಲಾಯಿಸಿದ್ದರೂ ದುರಸ್ತಿಯೇ. ಅವಿವೇಕದ ಖರ್ಚೆಂಬ ಕಾರಣಕ್ಕೆ ಅದು ಬಂಡವಾಳವಾಗುವುದಿಲ್ಲ.

ಇಡೀ ಎಂಜಿನ್ನನ್ನೇ ಬದಲಾಯಿಸುವ ಸಲಹೆಯೂ ಅವರಿಗೆ ಬಂದಿತ್ತು. ಹಾಗೆ ಮಾಡಿದ್ದರೆ ಪ್ರಶ್ನೆ ಇಷ್ಟು ಸರಳವಾಗಿರುತ್ತಿರಲಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಹಳೆಯ ಪ್ರಕರಣಗಳಲ್ಲಿ ಉಚ್ಚ ನ್ಯಾಯಾಲಯಗಳ ಅಭಿಪ್ರಾಯ ಒಂದೇ ಆಗಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನದು. ಎಂಜಿನ್ ಬದಲಾದರೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು, ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ ತಿದ್ದಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಲು ಯಲಹಂಕದ ಕಚೇರಿಗೆ ಹೋದಾಗ ಸಂಖ್ಯೆ ಹೊಂದದಿದ್ದರೆ ಅಲ್ಲಿಗೆ ನಿಂತಿತು. ಅಪಘಾತವಾದರೆ ವಿಮಾ ಕಂಪನಿಗೂ ಅದೇ ನೆಪ.

ಜಿಎಸ್‌ಟಿಯ ವಿಷಯ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ವಾಹನದ ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಏಕರೂಪದ ದರ ನಿಗದಿಯಾಯಿತು. ಅದಕ್ಕೆ ಮೊದಲು ಕೆಲವು ಭಾಗಗಳಿಗೆ 18, ಹಲವು ಭಾಗಗಳಿಗೆ 28 ಇತ್ತು. ಹಳೆಯ ದಾಸ್ತಾನಿನ ದರಪಟ್ಟಿಯಿಂದಲೇ ಇನ್ನೂ ಬೆಲೆ ಹೇಳುವ ಅಂಗಡಿಗಳಿದ್ದರೆ ಕೊಳ್ಳುವವರು ಇನ್ವಾಯ್ಸಿನ ದರವನ್ನು ನೋಡಿಕೊಳ್ಳಬೇಕು. ತೆತ್ತ ತೆರಿಗೆಯ ಜಮೆ ಸಿಗುವುದೇ ಎಂಬುದು ಗಾಡಿಯ ವರ್ಗವನ್ನು ಅವಲಂಬಿಸಿದೆ. ಚಾಲಕನೂ ಸೇರಿ ಹದಿಮೂರು ಜನಕ್ಕೆ ಮೀರದ ಪ್ರಯಾಣಿಕ ವಾಹನಕ್ಕೆ, ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ಸಾಮಾನ್ಯ ವ್ಯಾಪಾರಿಗೆ ದುರಸ್ತಿ ಸೇವೆಯ ಜಮೆ ಇಲ್ಲ. ಸರಕು ಸಾಗಣೆಯ ಪಿಕಪ್ ಆದರೆ ಉಂಟು. ನಮ್ಮ ಸದಸ್ಯರ ಜೀಪು ಸಾಮಾನು ಹೊರುತ್ತದೆ ನಿಜ, ಆದರೆ ಆರ್‌ಸಿಯಲ್ಲಿ ಅದು ಪ್ರಯಾಣಿಕ ವಾಹನ. ಅವರು ಜಮೆ ತೆಗೆದುಕೊಂಡಿದ್ದರು. ಬಡ್ಡಿಯ ಲೆಕ್ಕ ಹಾಕಿ ಹಿಂದಿರುಗಿಸಿದೆವು. ಜೆ.ಸಿ. ರಸ್ತೆಯಿಂದ ಬಿಡಿಭಾಗವನ್ನು ತಾವೇ ತಂದುಕೊಟ್ಟರೆ ಆ ಭಾಗದ ಜಮೆ ಸಿಗಬಹುದೇ ಎಂದು ಕೆಲವರು ಕೇಳುತ್ತಾರೆ. ಕಲಮಿನಲ್ಲಿ ಸೇವೆ ಎಂಬ ಶಬ್ದವಿರುವುದರಿಂದ ವಾದಕ್ಕೆ ಎಡೆಯಿದೆ. ಏಳುನೂರು ಎಂಟುನೂರು ರೂಪಾಯಿಗಾಗಿ ಆ ವಾದವನ್ನು ನಾನಂತೂ ಹೂಡಲಾರೆ.

ಬಿಲ್ಲಿನಲ್ಲಿ ಭಾಗದ ಸಂಖ್ಯೆ, ತಯಾರಕರ ಹೆಸರು, ಎಣಿಕೆ, ಗಾಡಿಯ ನೋಂದಣಿ ಸಂಖ್ಯೆ, ಅಂದಿನ ಕಿಲೋಮೀಟರ್ ಇವಿಷ್ಟೂ ಇರುವಂತೆ ನೋಡಿಕೊಳ್ಳಬೇಕು. "ಎಂಜಿನ್ ಕೆಲಸ, ಒಟ್ಟು" ಎಂಬ ಒಂದೇ ಸಾಲಿನ ಬಿಲ್ಲು ತೆರಿಗೆ ಅಧಿಕಾರಿಯ ಮುಂದೆಯೂ ನಿಲ್ಲದು, ವಾರಂಟಿ ಕೇಳುವಾಗಲೂ ನಿಲ್ಲದು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಟ್ಯಾಪೆಟ್ಟಿನ ಮುಖವನ್ನು ಬೆಳಕಿಗೆ ಹಿಡಿದರೆ ವಿಷಯ ತಾನೇ ತಿಳಿಯುತ್ತದೆ: ಸುತ್ತುತ್ತಿದ್ದುದರ ಮೇಲೆ ದುಂಡನೆಯ ಉಂಗುರದ ಗುರುತುಗಳಿರುತ್ತವೆ, ಸುತ್ತದೆ ನಿಂತದ್ದರ ಮೇಲೆ ಅಡ್ಡಲಾಗಿ ಒಂದು ಪಟ್ಟಿ.

ನಮ್ಮ ಸದಸ್ಯರು ತಮ್ಮ ಎಂಟನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು. ಐದರ ಮೇಲೆ ಅಡ್ಡಪಟ್ಟಿಯಿತ್ತು. ಈ ವರ್ಷ ಆ ಎರಡು ತೋಟಗಳ ಪೈಕಿ ಒಂದರಿಂದ ಮತ್ತೆ ಕರೆ ಬಂದಿದೆಯಂತೆ. ಕೆಟ್ಟ ಕ್ಯಾಮ್‌ಶಾಫ್ಟ್‌ಗಳನ್ನು ಗುಜರಿಗೆ ಹಾಕಿದಾಗ ಬಂದ ಹಣವನ್ನು ಪುಸ್ತಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನೂ ಇತರೆ ಆದಾಯದಲ್ಲಿ ನಮೂದಿಸಿ ಲೆಕ್ಕ ಮುಗಿಸಿದೆವು.